ಫ್ರಿಜ್ಜಿನ ಹಿಂದೆ ಸಾಕಿದ ನುಸಿ

ಬೆಳಿಗ್ಗೆ ಹತ್ತೂವರೆ. ಆಟಿ ತಿಂಗಳು, ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಸ್ವಲ್ಪ ಬಿಟ್ಟಿದೆ. ಈ ವೀಡಿಯೊದಲ್ಲಿ ನಿಮಗೆ ಕಾಣುತ್ತಿರುವುದು ನನ್ನ ಕಾಲು. ಇದು ಒಂದು, ಇದು ಎರಡು, ಇಲ್ಲಿ ಹಿಮ್ಮಡಿಯ ಹತ್ತಿರ ಮೂರು. ಸಂಜೆಯ ನುಸಿ, ಅಂದರೆ ಸೊಳ್ಳೆ, ಅಲ್ಲ ಮಾರಾಯ್ರೆ, ಹಾಡು ಹಗಲಿನದ್ದು.

ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಎಡಕ್ಕೆ ಬಾಯಮ್ಮನ ಹಂಚಿನ ಮನೆ, ಬಲಕ್ಕೆ ಎರಡು ವರ್ಷದಿಂದ ಬೀಗ ಬಿದ್ದ ಮನೆ, ಹಿಂದೆ ಏಳುತ್ತಿರುವ ಫ್ಲ್ಯಾಟು. ನುಸಿ ಅಂದರೆ ನಾವು ಕೈ ತೋರಿಸುವುದು ರಸ್ತೆ ಬದಿಯ ಚರಂಡಿಗೆ. ಸಂಜೆ ಆರಕ್ಕೆ ಬಾಗಿಲು ಹಾಕುವುದು, ನಾನು ಬ್ಯಾಟು ಹಿಡಿದು ಚಟ್ ಚಟ್ ಅನ್ನಿಸುವುದು, ಅಮ್ಮ ಕೆಂಡಕ್ಕೆ ಲೋಬಾನ ಹಾಕಿ ನುಸಿಯ ಜೊತೆ ನಮ್ಮನ್ನೂ ಹೊರಗೆ ಓಡಿಸುವುದು. ಬ್ಯಾಟನ್ನು ದೂರುವುದಿಲ್ಲ, ಸಿಟ್ಟು ಇಳಿಯಲಿಕ್ಕೆ ಒಳ್ಳೆಯದು ಅದು.

ಮೊನ್ನೆ ಫ್ರಿಜ್ ಎಳೆದು ಹಿಂದಿನ ತಟ್ಟೆ ತೆಗೆದೆ. ಜಿರಳೆ ಹುಡುಕಲಿಕ್ಕೆ ಹೋದದ್ದು. ತಟ್ಟೆಯಲ್ಲಿ ಒಂದು ಬೆರಳು ನೀರು, ಆ ನೀರು ತನ್ನಷ್ಟಕ್ಕೆ ಅಲುಗಾಡುತ್ತಿತ್ತು. ಗಾಜಿನ ಲೋಟಕ್ಕೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದದ್ದು ಇದು, ನೋಡಿ. ಬಾಲದ ತುದಿ ಮೇಲೆ, ತಲೆ ಕೆಳಗೆ, ನುಸಿಯ ಮರಿಗಳು ಬಾವಲಿಯ ಹಾಗೆ ನೇತಾಡುತ್ತಿವೆ. ಬಾಲದಲ್ಲಿರುವುದು ಉಸಿರಾಡುವ ಕೊಳವೆ. ಲೋಟಕ್ಕೆ ಉಗುರಲ್ಲಿ ತಟ್ಟಿದೆ ಅನ್ನಿ, ಕೊಂಕಿ ಕೊಂಕಿ ತಳ ಸೇರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೇಲೆ. ಅಲ್ಪವಿರಾಮದ ಹಾಗೆ ಬಾಗಿ ಕೂತದ್ದು ಪ್ಯೂಪ, ಮರಿ ನುಸಿಯಾಗುವ ಮೊದಲಿನ ಹಂತ. ಅದು ಊಟ ಬಿಟ್ಟಾಗಿದೆ, ಒಂದೆರಡು ದಿನದಲ್ಲಿ ರೆಕ್ಕೆ ಬರುತ್ತದೆ. ಮೊಟ್ಟೆಯಿಂದ ಹಾರುವವರೆಗೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ.

ಇವು ಹಗಲು ಕಚ್ಚುವ, ಕಪ್ಪು ಕಾಲಿಗೆ ಬಿಳಿ ಪಟ್ಟೆಯ ಈಡಿಸ್ ನುಸಿಯವು. ಡೆಂಗಿ ಹರಡುವುದು ಇದೇ. 2019ರ ಮಳೆಗಾಲದಲ್ಲಿ ಈ ಊರಲ್ಲಿ ಡೆಂಗಿ ಜೋರಾದಾಗ ನಮ್ಮ ಹಿತ್ತಿಲ ಪಪ್ಪಾಯಿ ಗಿಡದಲ್ಲಿ ಎಲೆ ಉಳಿದಿರಲಿಲ್ಲ, ಅಷ್ಟು ಜನ ಕೇಳಿಕೊಂಡು ಬಂದಿದ್ದರು. ಆಗಲೂ ನಾವು ಬೈದದ್ದು ಚರಂಡಿಗೇ.

ನೀರು ಚೆಲ್ಲಿದರೆ ಮುಗಿಯಿತು ಅಂತ ನಾನೂ ತಿಳಿದಿದ್ದೆ. ಇದರ ಮೊಟ್ಟೆ ಇರುವುದು ನೀರಿಗಿಂತ ಒಂಚೂರು ಮೇಲೆ, ಪಾತ್ರೆಯ ಗೋಡೆಯಲ್ಲಿ. ಒಣಗಿದರೂ ತಿಂಗಳುಗಟ್ಟಲೆ ಕಾಯುತ್ತದೆ, ಪುನಃ ನೀರು ತಾಗಿದರೆ ಮರಿ. ಹಾಗಾಗಿ ತೆಂಗಿನ ನಾರು ಹಿಡಿದು ತಿಕ್ಕಿದೆ.

ಆಮೇಲೆ ಹಿತ್ತಿಲು. ಗೆರಟೆ, ಬೊಂಡದ ಚಿಪ್ಪು, ಅಡಿಕೆ ಹಾಳೆ, ಸೌದೆಗೆ ಮುಚ್ಚಿದ ಟಾರ್ಪಾಲಿನ ಗುಳಿ. ಎಲ್ಲದರಲ್ಲೂ ಉಂಟು. ಬಾವಿಗೆ ಬಲೆ ಹಾಕಿ ಗಪ್ಪಿ ಮೀನು ಬಿಟ್ಟಾಗಿದೆ, ಅದೊಂದು ಬಚಾವ್.

"ಎಂತ ಮಗಾ, ನನ್ನ ಕ್ರೋಟನ್ನಿನ ವೀಡಿಯೊ?"

"ಗಿಡದ್ದಲ್ಲ ಬಾಯಮ್ಮ, ಕುಂಡದ ಅಡಿಯ ತಟ್ಟೆದು."

"ಮೊನ್ನೆ ಹೊಗೆ ಬಿಟ್ಟು ಹೋದರಲ್ಲ!"

ಆ ಹೊಗೆ ಹಾರುವ ನುಸಿಗೆ ಮಾತ್ರ ಬಾಯಮ್ಮ, ನೀರೊಳಗೆ ಇದ್ದದ್ದಕ್ಕೆ ಏನೂ ಆಗುವುದಿಲ್ಲ ಅಂದೆ. ಅವರು ತಟ್ಟೆ ಕವುಚಿ ಹಾಕಿದರು, ನನ್ನ ಮುಖ ನೋಡದೆ.

ಬೀಗದ ಮನೆಯ ಕೀ ಇರುವುದು ಅವರ ಹತ್ತಿರವೇ. ತಾರಸಿಗೆ ಹತ್ತಿದರೆ ಟ್ಯಾಂಕಿಯ ಮುಚ್ಚಳ ಗಾಳಿಗೆ ಹಾರಿ ಮೂಲೆಯಲ್ಲಿ ಬಿದ್ದಿದೆ. ಒಳಗೆ ಮಳೆನೀರು, ಕನ್ನಡಿಯ ಹಾಗೆ ಶುಭ್ರ. ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ, ಇವು ನೇತಾಡುವುದಿಲ್ಲ. ನೀರಿನ ಮೇಲೆ ಕಡ್ಡಿಯ ಹಾಗೆ ಅಡ್ಡ ಮಲಗಿವೆ. ಅನಾಫಿಲಿಸ್, ಮಲೇರಿಯಾದ್ದು. ಪಟ್ಟಣದ ಮಲೇರಿಯಾ ನುಸಿಗೆ ಟ್ಯಾಂಕಿ, ಬಾವಿ, ಹೊಸ ಸ್ಲ್ಯಾಬು ಗಟ್ಟಿಯಾಗಲಿಕ್ಕೆ ಅದರ ಮೇಲೆ ಕಟ್ಟಿ ನಿಲ್ಲಿಸುವ ಕ್ಯೂರಿಂಗ್ ನೀರು, ಇಂಥದ್ದೇ ಆಗಬೇಕು.

ಪಿಯುಸಿಯಲ್ಲಿರುವಾಗ ನನಗೆ ಮಲೇರಿಯಾ ಬಂದಿತ್ತು, ವೈವಾಕ್ಸ್ ಅನ್ನುವ ಬಗೆ. ಜ್ವರ ನಾಲ್ಕೇ ದಿನಕ್ಕೆ ಬಿಟ್ಟಿತು. ಪ್ರೈಮಾಕ್ವಿನ್ ಮಾತ್ರೆ 14 ದಿನ ನುಂಗಬೇಕಿತ್ತು, ನಾನು ದೊಡ್ಡ ಜನ, ಆರಕ್ಕೇ ನಿಲ್ಲಿಸಿದೆ. ಲಿವರಿನಲ್ಲಿ ಅಡಗಿ ಕೂತ ರೋಗಾಣು ಎರಡು ತಿಂಗಳು ಬಿಟ್ಟು ಮತ್ತೆ ಎದ್ದಿತು. ಮೂರು ಕಂಬಳಿ ಹೊದ್ದು ನಡುಗಿದ್ದು ಈಗಲೂ ನೆನಪುಂಟು.

ಹಿಂದಿನ ಫ್ಲ್ಯಾಟಿನ ಮೇಸ್ತ್ರಿಗೆ ಹೇಳಿ ಬಂದೆ, ಸ್ಲ್ಯಾಬಿನ ನೀರು ವಾರಕ್ಕೊಮ್ಮೆ ಪೂರ್ತಿ ಬಿಟ್ಟು ಒಣಗಿಸಿ ಅಂತ. "ಆಯ್ತಣ್ಣ" ಅಂದ. ಕೆಲಸದ ಇಬ್ಬರು ಹುಡುಗರಿಗೆ ಆಗಲೇ ಜ್ವರವಂತೆ. ರಕ್ತ ಪರೀಕ್ಷೆಗೆ ಇವತ್ತೇ ಕಳಿಸು ಅಂದದ್ದಕ್ಕೆ ಮಾತ್ರ ಅವನು ಏನೂ ಹೇಳಲಿಲ್ಲ. ನಾಳೆ ಪುನಃ ಹೋಗಿ ಕೇಳಬೇಕು.

ಟ್ಯಾಂಕಿ ಖಾಲಿ ಮಾಡಿ, ತಿಕ್ಕಿ, ಅಮ್ಮನ ಹಳೆಯ ಸೀರೆ ಎರಡು ಪದರ ಮಾಡಿ ಬಾಯಿಗೆ ಬಿಗಿದು, ಮೇಲೆ ಮುಚ್ಚಳ ಇಟ್ಟು ಕಲ್ಲು ಹೇರಿದ್ದೇನೆ. ಮನೆಯ ಯಜಮಾನರು ದುಬೈಯಲ್ಲಿ. ವೀಡಿಯೊ ವಾಟ್ಸ್ಯಾಪ್ ಮಾಡಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಉಪಕಾರ ಆಯ್ತು. ಹಿತ್ತಿಲ ಪೇರಳೆ ಹಣ್ಣಾಗಿದೆಯಾ?"

ಆಗಿದೆ. ಬಾವಲಿ ತಿಂದು ಉಳಿದ ನಾಲ್ಕು ಇಲ್ಲಿ ನಮ್ಮ ಮೇಜಿನ ಮೇಲೆ ಉಂಟು.