ಸಾಲದ ಕರಾರು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ?

ಸಭಿಕರೇ,

ಬ್ರಿಟನ್ನಿನಲ್ಲಿ ಹಳೆಯ ಕ್ರೆಡಿಟ್ ಕಾರ್ಡ್ ಬಾಕಿಯ ಬಗ್ಗೆ ವಸೂಲಿ ಕಂಪನಿಯ ಪತ್ರ ಬಂದಾಗ ಕೆಲವರು ಹೆದರಿ ಕೇಳಿದಷ್ಟನ್ನೂ ಕಟ್ಟುತ್ತಾರೆ, ಕೆಲವರು ಯಾರದೋ ಮಾತು ನಂಬಿ ಕರಾರೇ ಊರ್ಜಿತವಲ್ಲವೆಂದು ಸುಮ್ಮನಾಗುತ್ತಾರೆ. ಎರಡೂ ಅಪಾಯಕರ. ಕರಾರನ್ನು ಪರಿಶೀಲಿಸದೆ ಯಾವ ನಿರ್ಧಾರಕ್ಕೂ ಬರಬಾರದು.

ಮೊದಲು ನೋಡಬೇಕಾದದ್ದು ಕರಾರಿನ ದಿನಾಂಕ, ಏಕೆಂದರೆ ಹಳೆಯ ಕರಾರುಗಳಿಗೆ ನಿಯಮ ಹೆಚ್ಚು ಕಠಿಣ. ಸಾಲದ ಮೊತ್ತ ಅಥವಾ ಮಿತಿ, ಬಡ್ಡಿದರ, ಮರುಪಾವತಿಯ ಕ್ರಮ ಮುಂತಾದ ನಿಗದಿತ ಅಂಶಗಳನ್ನು ಸರಿಯಾಗಿ ನಮೂದಿಸಿ ಸಾಲಗಾರನ ಸಹಿ ಪಡೆದ ದಾಖಲೆ ಇಲ್ಲದಿದ್ದರೆ, 1974ರ ಗ್ರಾಹಕ ಸಾಲ ಕಾಯ್ದೆಯ 127(3)ನೇ ಸೆಕ್ಷನ್ ಪ್ರಕಾರ ವಸೂಲಿಗೆ ಆದೇಶ ಕೊಡುವ ಅಧಿಕಾರವೇ ನ್ಯಾಯಾಧೀಶರಿಗೆ ಇರಲಿಲ್ಲ. 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ವಿಲ್ಸನ್ ಪ್ರಕರಣದಲ್ಲಿ 5,000 ಪೌಂಡ್ ಸಾಲಕ್ಕೆ 250 ಪೌಂಡ್ ದಾಖಲೆ ಶುಲ್ಕ ಸೇರಿಸಿ ಅದನ್ನೆಲ್ಲ ಸಾಲದ ಮೊತ್ತವೆಂದು ಬರೆದಿದ್ದೊಂದೇ ಸಾಲದಾತನ ಕೈ ಕಟ್ಟಿಹಾಕಿತು. ಈ ಕಠಿಣ ವಿಧಿ 2007ರ ಏಪ್ರಿಲ್ 6ರಿಂದ ರದ್ದಾಯಿತು; ಆದರೆ ಅದಕ್ಕೂ ಹಿಂದಿನ ಕರಾರುಗಳಿಗೆ ಇಂದಿಗೂ ಅನ್ವಯಿಸುತ್ತದೆ. ಅನಂತರದ ಕರಾರುಗಳಲ್ಲಿ ಇಂಥ ದೋಷವಿದ್ದರೆ, ಅದರಿಂದ ಸಾಲಗಾರನಿಗೆ ಎಷ್ಟು ಹಾನಿಯಾಯಿತು, ತಪ್ಪು ಯಾರದು ಎಂಬುದನ್ನು ತೂಗಿ ನ್ಯಾಯಾಲಯ ನಿರ್ಧರಿಸುತ್ತದೆ.

ಕರಾರಿನ ಪ್ರತಿ ಕೈಯಲ್ಲಿಲ್ಲದವರು ಅದನ್ನು ಕೇಳಿ ಪಡೆಯಬಹುದು. ಕಂತಿನ ಸಾಲಕ್ಕೆ 77ನೇ, ಕ್ರೆಡಿಟ್ ಕಾರ್ಡಿಗೆ 78ನೇ ಸೆಕ್ಷನ್ನಿನಡಿ ಲಿಖಿತ ಕೋರಿಕೆಯೊಂದಿಗೆ 1 ಪೌಂಡ್ ಶುಲ್ಕ ಕಳಿಸಿದರೆ, ಸಾಲದಾತ 12 ಕೆಲಸದ ದಿನಗಳೊಳಗೆ ಪ್ರತಿಯನ್ನೂ ಬಾಕಿಯ ವಿವರವನ್ನೂ ಕೊಡಬೇಕು. ಕೊಡುವವರೆಗೆ ಕರಾರನ್ನು ಜಾರಿಗೊಳಿಸುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಹಿಯಿರುವ ಮೂಲಪತ್ರದ ನಕಲನ್ನೇ ಕಳಿಸಬೇಕಿಲ್ಲ, ತನ್ನ ದಾಖಲೆಗಳಿಂದ ನಿಷ್ಠೆಯಾಗಿ ಪುನರ್ರಚಿಸಿದ ಪ್ರತಿ ಸಾಕು ಎಂದು 2009ರ ಕ್ಯಾರಿ ಪ್ರಕರಣದಲ್ಲಿ ಹೈಕೋರ್ಟ್ ಹೇಳಿತು. ಪ್ರತಿ ಬಾರದಿದ್ದರೂ ಸಾಲ ಅಳಿದುಹೋಗುವುದಿಲ್ಲ. ತಡವಾಗಿ ಬಂದರೂ ಅಂದಿನಿಂದ ತಡೆ ತೆರವಾಗುತ್ತದೆ. ಅದೇ ವರ್ಷದ ಮೆಕ್‌ಗಫಿಕ್ ತೀರ್ಪಿನಂತೆ, ಬಾಕಿಯನ್ನು ಕ್ರೆಡಿಟ್ ವರದಿ ಸಂಸ್ಥೆಗಳಿಗೆ ತಿಳಿಸುವುದಾಗಲಿ ಹಣ ಕೇಳುವುದಾಗಲಿ ಜಾರಿಗೊಳಿಸುವಿಕೆ ಎನಿಸುವುದಿಲ್ಲ. ಆದ್ದರಿಂದ ಈ ಕೋರಿಕೆಯನ್ನು ಸಾಲದಿಂದ ಪಾರಾಗುವ ಮಂತ್ರವೆಂದು ಮಾರುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ.

ಇನ್ನು ಕಾಲಮಿತಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಮಾನ್ಯವಾಗಿ ಆರು ವರ್ಷಗಳ ನಂತರ ದಾವೆಗೆ ಕಾಲಮಿತಿಯ ಆಕ್ಷೇಪ ಎತ್ತಬಹುದು. ಸ್ಕಾಟ್ಲೆಂಡಿನಲ್ಲಿ ಐದು ವರ್ಷಗಳಿಗೆ ಸಾಲವೇ ಅಳಿಯುತ್ತದೆ. ಎಣಿಕೆ ಕೊನೆಯ ಕಂತಿನಿಂದಲೇ ಶುರುವಾಗುತ್ತದೆಂದು ಭಾವಿಸಬೇಡಿ. ತಪ್ಪಿದ ಪಾವತಿಯನ್ನು ಸರಿಪಡಿಸಲು ಗಡುವು ಕೊಡುವ ಡೀಫಾಲ್ಟ್ ನೋಟಿಸ್ ಅಗತ್ಯವಿರುವಲ್ಲಿ ಅದರ ಗಡುವು ಮುಗಿದ ಮೇಲಷ್ಟೇ ಕಾಲ ಓಡುತ್ತದೆ ಎಂದು 2019ರ ಡಾಯ್ಲ್ ತೀರ್ಪು ಸ್ಪಷ್ಟಪಡಿಸಿದೆ. ಅವಧಿ ಮುಗಿಯುವ ಮೊದಲು ಸಾಲವನ್ನು ಒಪ್ಪಿಕೊಂಡು ಸಹಿ ಮಾಡಿದ ಪತ್ರ ಅಥವಾ ಒಂದು ಸಣ್ಣ ಪಾವತಿ ಗಡಿಯಾರವನ್ನು ಮತ್ತೆ ಮೊದಲಿನಿಂದ ಓಡಿಸುತ್ತದೆ. ಪ್ರತಿ ಕೇಳುವ ಪತ್ರದಲ್ಲಿಯೇ ಸಾಲವನ್ನು ಒಪ್ಪಿಕೊಳ್ಳುತ್ತಿಲ್ಲವೆಂದು ಬರೆಯಬೇಕಾದದ್ದು ಅದಕ್ಕಾಗಿ.

ದಾವೆ ಹೂಡಿದ್ದನ್ನು ತಿಳಿಸುವ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಬಂದ ಮೇಲಂತೂ ಈ ಪರಿಶೀಲನೆ ಪ್ರತಿವಾದವಾಗಿ ದಾಖಲಾಗಲೇಬೇಕು. ಕ್ಲೇಮಿನ ವಿವರ ಜಾರಿಯಾದ 14 ದಿನಗಳೊಳಗೆ, ಅದು ತಲುಪಿತೆಂಬ ಸ್ವೀಕೃತಿಪತ್ರವನ್ನು ಕೋರ್ಟಿಗೆ ಸಲ್ಲಿಸಿದ್ದರೆ 28 ದಿನಗಳೊಳಗೆ ಪ್ರತಿವಾದ ಹೂಡದಿದ್ದರೆ, ಕರಾರಿನಲ್ಲಿ ಎಷ್ಟೇ ದೋಷವಿದ್ದರೂ ಅದನ್ನು ಯಾರೂ ತೆರೆದು ನೋಡದೆಯೇ ಡೀಫಾಲ್ಟ್ ತೀರ್ಪು ಬರಬಹುದು.