ಕಾಯಿಲೆ ಚಿಕ್ಕದು, ದೂರ ದೊಡ್ಡದು

ಕೇಳುಗರೆಲ್ಲರಿಗೂ ನಮಸ್ಕಾರ.

ಪೆಸಿಫಿಕ್ ಮಹಾಸಾಗರದ ದೂರದ ದ್ವೀಪಗಳಿಗೆ ಹೋಗುವವರು ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬೇಕು, ಅಲ್ಲಿ ಹುಷಾರು ತಪ್ಪಿದರೆ ಏನು ಮಾಡಬೇಕು ಎಂಬುದನ್ನು ಹೇಳಲು ನಿಲಯದವರು ನನ್ನನ್ನು ಕರೆದಿದ್ದಾರೆ. ನಮ್ಮ ಕಡೆಯವರು ಅಷ್ಟು ದೂರ ಹೋಗುತ್ತಾರೆಯೇ ಎಂದು ನೀವು ಕೇಳಬಹುದು. ಹೋಗುತ್ತಾರೆ. ಆಕ್ಲೆಂಡಿನಲ್ಲೋ ಸಿಡ್ನಿಯಲ್ಲೋ ಇರುವ ಮಗಳ ಬಾಣಂತನಕ್ಕೆಂದು ಹೋದ ತಂದೆತಾಯಿಗಳಿಗೆ ಮಕ್ಕಳು ಪ್ರೀತಿಯಿಂದ ಫಿಜಿಯ ಟಿಕೆಟ್ ತೆಗೆದುಕೊಡುತ್ತಾರೆ. ಮಂಗಳೂರು, ಕಾರವಾರದ ಹುಡುಗರು ಹಡಗಿನ ಕೆಲಸದ ಮೇಲೆ ಆ ಬಂದರುಗಳನ್ನು ಮುಟ್ಟುತ್ತಾರೆ. ಫಿಜಿಯ ರಾಜಧಾನಿ ಸುವಾದಲ್ಲಿ ನಾನು ಕೆಲವು ವರ್ಷ ವೈದ್ಯನಾಗಿದ್ದಾಗ ಇಂಥ ಎಷ್ಟೋ ಜನರನ್ನು ಕಂಡಿದ್ದೇನೆ. ಈಗ ರೇಡಿಯೋ ಮುಂದೆ ಕುಳಿತಿರಬಹುದಾದ, ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವ, ಪಾಸ್‌ಪೋರ್ಟ್ ಸಿದ್ಧವಾಗಿಟ್ಟುಕೊಂಡಿರುವ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತನಾಡುತ್ತೇನೆ.

ಹೇಳಬೇಕಾದ ಮಾತು ಒಂದೇ: ಅಲ್ಲಿ ಕಾಯಿಲೆ ಚಿಕ್ಕದು, ದೂರ ದೊಡ್ಡದು. ಆ ದೂರ ಎಷ್ಟೆಂಬ ಅಂದಾಜು ನಮಗೆ ಇಲ್ಲಿ ಕುಳಿತು ಸಿಗುವುದಿಲ್ಲ. ಕಿರಿಬಾಸ್ ಎಂಬ ದೇಶವನ್ನೇ ನೋಡಿ. ಅಲ್ಲಿರುವುದು 33 ದ್ವೀಪಗಳು, ಜನಸಂಖ್ಯೆ ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು. ಆದರೆ ಆ ದ್ವೀಪಗಳು ಹರಡಿಕೊಂಡಿರುವ ಸಮುದ್ರದ ವಿಸ್ತಾರ ಸುಮಾರು 35 ಲಕ್ಷ ಚದರ ಕಿಲೋಮೀಟರ್, ಅಂದರೆ ಇಡೀ ಭಾರತದ ನೆಲಕ್ಕಿಂತ ಹೆಚ್ಚು. ದೊಡ್ಡ ಆಸ್ಪತ್ರೆ ಇರುವುದು ರಾಜಧಾನಿ ತರಾವಾದಲ್ಲಿ. ಅದೇ ದೇಶದ ಕಿರಿಸ್ಮಸ್ ದ್ವೀಪ ಅಲ್ಲಿಂದ ಮೂರು ಸಾವಿರ ಕಿಲೋಮೀಟರಿಗೂ ಆಚೆ ಇದೆ. ತುವಾಲು ದೇಶದ ಆಸ್ಪತ್ರೆ ಇರುವುದು ಫುನಾಫುತಿಯಲ್ಲಿ ಮಾತ್ರ. ಉಳಿದ ದ್ವೀಪಗಳಿಂದ ರೋಗಿ ಹಡಗಿನಲ್ಲಿಯೇ ಬರಬೇಕು. ತೊಕೆಲಾವ್‌ನಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಸಮೋವಾದಿಂದ ಹಡಗಿನಲ್ಲಿ ಒಂದು ದಿನಕ್ಕೂ ಹೆಚ್ಚಿನ ಪ್ರಯಾಣ. ಪಿಟ್‌ಕೇರ್ನ್ ದ್ವೀಪಕ್ಕೂ ವಿಮಾನವಿಲ್ಲ. ಅಲ್ಲಿಗೆ ಹೋಗುವವರು, ತಮ್ಮನ್ನು ಅಲ್ಲಿಂದ ಎತ್ತಿ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚನ್ನು ಭರಿಸುವ ವಿಮೆ ಮಾಡಿಸಿರಲೇಬೇಕು.

ಹಾಗೆಂದು ಅಲ್ಲಿ ವೈದ್ಯಕೀಯ ಸೇವೆಯೇ ಇಲ್ಲವೆಂದು ತಿಳಿಯಬಾರದು. ಫಿಜಿಯ ಹೊರದ್ವೀಪಗಳಲ್ಲಿ ನರ್ಸಿಂಗ್ ಸ್ಟೇಷನ್ ಎಂಬ ಪುಟ್ಟ ಕಟ್ಟಡಗಳಿರುತ್ತವೆ. ಅಲ್ಲಿ ಸಾಮಾನ್ಯವಾಗಿ ಒಬ್ಬರೇ ನರ್ಸ್ ಇರುತ್ತಾರೆ. ಹೆರಿಗೆ ಮಾಡಿಸುವವರು, ಲಸಿಕೆ ಹಾಕುವವರು, ಗಾಯಕ್ಕೆ ಹೊಲಿಗೆ ಹಾಕುವವರು, ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವವರು ಎಲ್ಲವೂ ಅವರೇ. ಅವರ ಕೈಯಲ್ಲಿಲ್ಲದ್ದು ಎಕ್ಸ್-ರೇ, ರಕ್ತನಿಧಿ, ಡಯಾಲಿಸಿಸ್, ಶಸ್ತ್ರಚಿಕಿತ್ಸೆಯ ಕೊಠಡಿ. ಇನ್ನು ಕೆಲವು ಚಿಕಿತ್ಸೆಗಳು ಸುವಾದಲ್ಲಿಯೂ ಸಿಗುವುದಿಲ್ಲ. ಅದಕ್ಕಾಗಿ ಅಲ್ಲಿನ ರೋಗಿಗಳು ಸಾಗರ ದಾಟಿ ನಮ್ಮ ಭಾರತದ ಆಸ್ಪತ್ರೆಗಳಿಗೇ ಬರುತ್ತಾರೆ. ಹೃದಯದ ತೊಂದರೆ ಇರುವವರು ಈ ಮಾತನ್ನು ಇನ್ನೊಮ್ಮೆ ಯೋಚಿಸಿ, ಆಮೇಲೆ ಟಿಕೆಟ್ ತೆಗೆಯಲಿ.

ಒಂದು ಪ್ರಸಂಗ ಹೇಳುತ್ತೇನೆ. ಧಾರವಾಡದ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಪತ್ನಿಯೊಡನೆ ಆಕ್ಲೆಂಡಿನ ಮಗಳ ಮನೆಗೆ ಬಂದಿದ್ದರು. ಅಳಿಯನ ಸಹೋದ್ಯೋಗಿಯೊಬ್ಬರು ಫಿಜಿಯ ಪೂರ್ವಕ್ಕಿರುವ ಲಾವ್ ದ್ವೀಪಗಳವರು. ಊರಿನಲ್ಲಿ ಮದುವೆ ಇದೆ ಎಂದು ಮನೆಮಂದಿಯನ್ನೆಲ್ಲ ಕರೆದರು. ಸುವಾದಿಂದ ಹಡಗು ಹತ್ತಿ ಎಲ್ಲರೂ ಹೋದರು. ಮದುವೆ ಚೆನ್ನಾಗಿಯೇ ನಡೆಯಿತು. ಮರುದಿನ ಬೆಳಿಗ್ಗೆ ಸಮುದ್ರದ ಇಳಿತದ ಹೊತ್ತಿನಲ್ಲಿ ಹವಳದ ದಿಬ್ಬ ಮೇಲೆದ್ದು ಕಾಣುತ್ತಿದ್ದುದನ್ನು ನೋಡಿ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬರಿಗಾಲಿನಲ್ಲಿ ಇಳಿದುಬಿಟ್ಟರು. ಹಿಮ್ಮಡಿಯ ಮೇಲ್ಭಾಗದಲ್ಲಿ ಹವಳ ಗೀರಿತು. ಸಕ್ಕರೆ ಕಾಯಿಲೆ ಬಹಳ ವರ್ಷಗಳದ್ದಾದ್ದರಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿತ್ತು, ನೋವೇ ಆಗಲಿಲ್ಲ. ಮನೆಗೆ ಬಂದ ಮೇಲೆ ರಕ್ತ ಕಂಡ ಪತ್ನಿ, ಊರಿನಿಂದ ತಂದಿದ್ದ ಅರಿಸಿನಪುಡಿಯನ್ನು ಗಾಯಕ್ಕೆ ಒತ್ತಿ ಬಟ್ಟೆ ಕಟ್ಟಿದರು.

ಹವಳ ಎಂದರೆ ಬರಿಯ ಕಲ್ಲಲ್ಲ, ಅದು ಜೀವಿಗಳ ಗೂಡು. ಗೀರಿದಾಗ ಅದರ ಸಣ್ಣ ಚೂರುಗಳು, ಲೋಳೆ, ಸಮುದ್ರದ ಬ್ಯಾಕ್ಟೀರಿಯಾ ಎಲ್ಲವೂ ಚರ್ಮದೊಳಗೆ ಉಳಿದುಬಿಡುತ್ತವೆ. ಅವನ್ನು ತೆಗೆಯದೆ ಮೇಲೆ ಏನೇ ಹಚ್ಚಿದರೂ ಒಳಗೆ ಕೀವು ಕಟ್ಟುತ್ತದೆ. ಮೂರನೆಯ ದಿನಕ್ಕೆ ಮೇಷ್ಟ್ರ ಕಾಲು ಮೊಣಕಾಲಿನ ಕೆಳಗಿನವರೆಗೂ ಕೆಂಪಾಗಿ ಊದಿಕೊಂಡಿತು, ಚಳಿಜ್ವರ ಬಂದಿತು. ಹಿಂದಿರುಗುವ ಹಡಗು ಆ ದಿನ ಬರಬೇಕಾಗಿತ್ತು, ಬರಲಿಲ್ಲ. ಗಾಳಿ ಎದ್ದಿದ್ದರಿಂದ ಸುವಾದಿಂದ ಹೊರಟೇ ಇರಲಿಲ್ಲ.

ಆಗ ನರ್ಸಿಂಗ್ ಸ್ಟೇಷನ್ನಿನಿಂದ ನನಗೆ ಫೋನ್ ಬಂತು. ಆ ನರ್ಸಮ್ಮ ಗಾಬರಿಯ ದನಿಯಲ್ಲಿ ಮಾತನಾಡಲಿಲ್ಲ. ವರದಿ ಓದುವಂತೆ ಒಂದೊಂದಾಗಿ ಹೇಳಿದರು. ಅರಿಸಿನವನ್ನೆಲ್ಲ ಕುದಿಸಿ ಆರಿಸಿದ ನೀರಿನಿಂದ ತೊಳೆದು ತೆಗೆದಿದ್ದರು. ಸೋಪು ಹಚ್ಚಿ ಮೆತ್ತನೆಯ ಬ್ರಷ್ಷಿನಿಂದ ಗಾಯವನ್ನು ಉಜ್ಜಿದ್ದರು. ಟಾರ್ಚಿನ ಬೆಳಕಿನಲ್ಲಿ ಚಿಮಟ ಹಿಡಿದು ಹವಳದ ಚೂರುಗಳನ್ನು ಹೆಕ್ಕಿದ್ದರು. ಆಮೇಲೆ ಒಂದು ಬಾಲ್‌ಪೆನ್ ತೆಗೆದುಕೊಂಡು, ಕಾಲಿನ ಮೇಲೆ ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಸುತ್ತಲೂ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ, ವೇಳೆ ಬರೆದಿದ್ದರು. ಕೆಂಪು ಆ ಗೆರೆಯನ್ನು ದಾಟಿದರೆ ಸೋಂಕು ಏರುತ್ತಿದೆ, ಒಳಕ್ಕೆ ಸರಿದರೆ ಇಳಿಯುತ್ತಿದೆ ಎಂದು ಲೆಕ್ಕ. ವೈದ್ಯಕೀಯ ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಆ ಗೆರೆಯ ಕಥೆಯನ್ನು ಹೇಳುತ್ತೇನೆ. ಆರು ರೂಪಾಯಿಯ ಪೆನ್ನು ಮಾಡುವ ಕೆಲಸವನ್ನು ಕೆಲವೊಮ್ಮೆ ಆರು ಲಕ್ಷದ ಯಂತ್ರ ಮಾಡುವುದಿಲ್ಲ.

ಆಂಟಿಬಯೋಟಿಕ್ ಅವರ ಬಳಿ ಇತ್ತು, ಟಿ.ಟಿ. ಇಂಜೆಕ್ಷನ್ ಇತ್ತು. ಆದರೆ ಮೇಷ್ಟ್ರ ರಕ್ತದ ಸಕ್ಕರೆ ಇಳಿಯಲೇ ಇಲ್ಲ, ಏಕೆಂದರೆ ಅವರ ಮಾತ್ರೆಗಳು ಮುಗಿದುಹೋಗಿದ್ದವು. ದ್ವೀಪದಲ್ಲಿ ಎಷ್ಟು ದಿನ ಇರಬೇಕೋ ಅಷ್ಟಕ್ಕೇ ಎಣಿಸಿ ತಂದಿದ್ದರಂತೆ, ಉಳಿದದ್ದು ಆಕ್ಲೆಂಡಿನ ಮನೆಯ ಕಪಾಟಿನಲ್ಲಿತ್ತು. ಚಟ್ನಿಪುಡಿ ಮಾತ್ರ ಊರಿಗೆಲ್ಲ ಹಂಚುವಷ್ಟು ತಂದಿದ್ದರು! ನಾನು ಫೋನಿನಲ್ಲಿ ಮೇಷ್ಟ್ರೊಡನೆ ಕನ್ನಡದಲ್ಲಿ ಮಾತನಾಡಿದಾಗ ಅವರು, "ಡಾಕ್ಟ್ರೇ, ಸಣ್ಣ ಗೀರು ನೋಡ್ರಿ, ಇಷ್ಟ್ಯಾಕ ರಾದ್ಧಾಂತ?" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಧಾರವಾಡದಲ್ಲಿ ಅದು ಸಣ್ಣ ಗೀರೇ. ರಸ್ತೆ ದಾಟಿ ಡಾಕ್ಟರ ಷಾಪಿಗೆ ಹೋಗಿ ಅರ್ಧ ಗಂಟೆಯಲ್ಲಿ ಮನೆಗೆ ಬರಬಹುದಾಗಿತ್ತು. ಲಾವ್‌ನಲ್ಲಿ ಅದೇ ಗೀರಿಗೆ ಕಾಲು ಕಳೆದುಕೊಳ್ಳುವ ಸಾಧ್ಯತೆ ಇತ್ತು. ಕಾಯಿಲೆ ಚಿಕ್ಕದು, ದೂರ ದೊಡ್ಡದು.

ಪಕ್ಕದ ಹಳ್ಳಿಯಲ್ಲಿ ಅದೇ ಮಾತ್ರೆ ನುಂಗುತ್ತಿದ್ದ ಅಜ್ಜಿಯೊಬ್ಬರಿಂದ ನರ್ಸಮ್ಮ ಕೆಲವು ಮಾತ್ರೆಗಳನ್ನು ಸಾಲ ತಂದರು. ಬೆಳಿಗ್ಗೆ ಸಂಜೆ ಗಾಯ ತೊಳೆದರು, ಗೆರೆ ನೋಡಿದರು, ನನಗೆ ಫೋನ್ ಮಾಡಿದರು. ಒಂದು ರಾತ್ರಿ ಕೆಂಪು ಗೆರೆಯನ್ನು ಬೆರಳಗಲ ದಾಟಿತ್ತು. ಮರುದಿನ ಸಂಜೆಯಿಂದ ಹಿಂದೆ ಸರಿಯತೊಡಗಿತು. ಕೊನೆಗೆ ಹಡಗು ಬಂದಾಗ ಮೇಷ್ಟ್ರು ತಮ್ಮ ಕಾಲಿನ ಮೇಲೆಯೇ ನಡೆದು ಹತ್ತಿದರು.

ಕಥೆ ಉದ್ದವಾಯಿತು, ನಿಲಯದವರು ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಆದರೆ ಹೇಳಬೇಕಾದ ಮುಕ್ಕಾಲು ಭಾಗ ಅದರಲ್ಲಿಯೇ ಬಂದಿದೆ. ನೀವು ದಿನವೂ ನುಂಗುವ ಮಾತ್ರೆಯನ್ನು ಪ್ರವಾಸದ ದಿನಗಳಿಗಿಂತ ಎರಡರಷ್ಟು ದಿನಗಳಿಗೆ ಒಯ್ಯಿರಿ. ಎಲ್ಲವನ್ನೂ ಒಂದೇ ಚೀಲದಲ್ಲಿಡದೆ ಎರಡು ಚೀಲಗಳಲ್ಲಿಡಿ, ಒಂದು ಸದಾ ಕೈಯಲ್ಲಿರಲಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಔಷಧದ ಮೂಲ ಹೆಸರನ್ನೇ ಬರೆಸಿಕೊಳ್ಳಿ. ನಮ್ಮ ಕಂಪನಿಗಳ ಹೆಸರು ಅಲ್ಲಿಯವರಿಗೆ ಗೊತ್ತಿರುವುದಿಲ್ಲ. ಹಲ್ಲು ನೋಯುತ್ತಿದ್ದರೆ ಇಲ್ಲಿಯೇ ತೋರಿಸಿಕೊಂಡು ಹೋಗಿ. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನೂ ಬಿ.ಪಿ.ಯನ್ನೂ ಮುಚ್ಚಿಡಬೇಡಿ. ನಾಲ್ಕು ಕಾಸು ಉಳಿಸಲು ಮುಚ್ಚಿಟ್ಟವರಿಗೆ, ವಿಮಾನದಲ್ಲಿ ಸಾಗಿಸಬೇಕಾದಾಗ ಹತ್ತಾರು ಸಾವಿರ ಡಾಲರುಗಳ ಬಿಲ್ಲು ಕೈಗೆ ಬರುತ್ತದೆ. ನೀರಿನಲ್ಲಿ ನಡೆಯುವಾಗ ಗಟ್ಟಿ ಅಟ್ಟೆಯ ಪಾದರಕ್ಷೆ ಇರಲಿ. ಹವಳದ ಮೇಲೆ ಮಾತ್ರವಲ್ಲ, ಕಲ್ಲಿನಂತೆಯೇ ಕಾಣುವ ವಿಷದ ಮೀನನ್ನು ತುಳಿಯದಿರುವುದಕ್ಕೂ ಅದು ಬೇಕು. ತುಳಿದರೆ, ಸುಡದಷ್ಟು ಬಿಸಿಯ ನೀರಿನಲ್ಲಿ ಪಾದವನ್ನಿಟ್ಟುಕೊಂಡು ನರ್ಸನ್ನು ಕರೆಸಿ. ಶಾರ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಉತ್ತರಿಸುವುದನ್ನೇ ಬಿಟ್ಟಿದ್ದೇನೆ. ಮೊದಲು ಚಪ್ಪಲಿ ಹಾಕಿಕೊಳ್ಳಿ.

ಮೀನು ತಿನ್ನುವವರಿಗೆ ಒಂದು ಮಾತು. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಕೆಲವೊಮ್ಮೆ ಸಿಗ್ವಟೆರಾ ಎಂಬ ವಿಷ ಸೇರಿರುತ್ತದೆ. ಪಾಚಿಯ ಮೇಲಿನ ಸೂಕ್ಷ್ಮಜೀವಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಅದು ಏರುತ್ತ ಹೋಗುತ್ತದೆ. ವಾಸನೆಯಿಲ್ಲ, ರುಚಿಯಿಲ್ಲ, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. 1774ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಇಂದಿನ ವನುವಾಟು ಬಳಿ ಇಂಥ ಮೀನು ತಿಂದು ನರಳಿದ್ದರು. ವಾಂತಿಭೇದಿಯ ನಂತರ ತುಟಿ ಜುಮ್ಮೆನ್ನುತ್ತದೆ, ತಣ್ಣೀರು ಮುಟ್ಟಿದರೆ ಸುಟ್ಟಂತಾಗುತ್ತದೆ. ಯಾವ ದಿಬ್ಬದ ಯಾವ ಮೀನು ತಿನ್ನಬಾರದೆಂದು ಊರಿನ ಬೆಸ್ತರಿಗೆ ಗೊತ್ತಿರುತ್ತದೆ. ಅವರು ತಿನ್ನದ್ದನ್ನು ನೀವೂ ತಿನ್ನಬೇಡಿ. ಬಂಗುಡೆ ತಿಂದು ಬೆಳೆದವನಿಗೆ ಮೀನಿನ ವಿಷಯ ಯಾರೂ ಹೇಳಬೇಕಾಗಿಲ್ಲ ಎನ್ನುವ ಕರಾವಳಿಯ ಮಿತ್ರರಿಗೆ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ.

ಸೊಳ್ಳೆಯ ವಿಷಯ ಬೇಗ ಮುಗಿಸುತ್ತೇನೆ. ಮಲೇರಿಯಾ ಇರುವುದು ಪಪುವಾ ನ್ಯೂಗಿನಿ, ಸೊಲೊಮನ್ ದ್ವೀಪಗಳು ಮತ್ತು ವನುವಾಟುವಿನಲ್ಲಿ. ಅದರಿಂದ ಪೂರ್ವಕ್ಕೆ, ಫಿಜಿ, ಸಮೋವಾ, ಟೋಂಗಾಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆಯೇ ಇಲ್ಲ. ಆದರೆ ಡೆಂಗಿ ಎಲ್ಲ ಕಡೆಗೂ ಇದೆ. ಹಗಲಿನಲ್ಲಿ ಕಚ್ಚುವ ಆ ಸೊಳ್ಳೆ ಇಲಿ ಕೊರೆದುಬಿಟ್ಟ ತೆಂಗಿನಕಾಯಿಯಲ್ಲಿ ನಿಂತ ಮಳೆನೀರಿನಲ್ಲಿಯೂ ಹುಟ್ಟುತ್ತದೆ. ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ಆಸ್ಪಿರಿನ್, ಬ್ರೂಫೆನ್ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವ ಹೆಚ್ಚುತ್ತದೆ. ಹೃದಯಕ್ಕೆಂದು ದಿನವೂ ಆಸ್ಪಿರಿನ್ ನುಂಗುವವರು ಈ ವಿಷಯವನ್ನು ಹೊರಡುವ ಮೊದಲೇ ತಮ್ಮ ವೈದ್ಯರಲ್ಲಿ ಕೇಳಿಟ್ಟುಕೊಳ್ಳಲಿ. ನೀರು ಕುದಿಸಿ ಕುಡಿಯಿರಿ, ಓ.ಆರ್.ಎಸ್. ಪೊಟ್ಟಣಗಳು ಚೀಲದಲ್ಲಿರಲಿ.

ಲಸಿಕೆಯ ಮಾತನ್ನು ಅವಸರದಲ್ಲಿ ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. ದೂರವೆಂಬುದು ನಿಮಗೆ ಮಾತ್ರವಲ್ಲ, ಆ ದ್ವೀಪಗಳ ಜನರಿಗೂ ದೂರವೇ. 1918ರ ನವೆಂಬರಿನಲ್ಲಿ ತಲುನೆ ಎಂಬ ಹಡಗು ಆಕ್ಲೆಂಡಿನಿಂದ ಸಮೋವಾದ ಅಪಿಯಾ ಬಂದರಿಗೆ ಇನ್‌ಫ್ಲುಯೆಂಜಾ ಹೊತ್ತು ತಂದಿತು. ಅಲ್ಲಿನ ಐವರಲ್ಲಿ ಒಬ್ಬರು ಸತ್ತರು. ಪಕ್ಕದಲ್ಲಿಯೇ ಇದ್ದ ಅಮೆರಿಕದ ಸಮೋವಾ ಹಡಗುಗಳನ್ನು ತಡೆದು ನಿಲ್ಲಿಸಿತು, ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. 2019ರಲ್ಲಿ ಮತ್ತೆ ಅದೇ ಸಮೋವಾದಲ್ಲಿ ದಡಾರ ಹಬ್ಬಿ 83 ಮಂದಿ ತೀರಿಕೊಂಡರು, ಅವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳು. ಲಸಿಕೆ ಆಗದವರಿರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಸರ್ಕಾರ ಆಜ್ಞೆ ಮಾಡಿತ್ತು. ನಿಮಗೂ, ನಿಮ್ಮ ಜೊತೆಗಿರುವ ಮೊಮ್ಮಕ್ಕಳಿಗೂ ದಡಾರದ ಲಸಿಕೆ ಆಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ನೆಗಡಿ ಜ್ವರ ಇದ್ದರೆ ದ್ವೀಪದ ಹಡಗು ಹತ್ತಬೇಡಿ.

ದ್ವೀಪಕ್ಕೆ ಇಳಿದ ದಿನವೇ ನರ್ಸಿಂಗ್ ಸ್ಟೇಷನ್ ಎಲ್ಲಿದೆ ಎಂದು ಕೇಳಿ, ಹೋಗಿ ಪರಿಚಯ ಮಾಡಿಕೊಂಡು, ನಿಮ್ಮ ಕಾಯಿಲೆಗಳನ್ನೂ ಮಾತ್ರೆಗಳನ್ನೂ ಹೇಳಿಬನ್ನಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಅದು ಕೆಲವು ತಿಂಗಳ ನಂತರವಾದರೂ ಸರಿ, ನಿಮ್ಮ ವೈದ್ಯರಿಗೆ ಮೊದಲು ಹೇಳಬೇಕಾದ್ದು ನೀವು ಯಾವ ದ್ವೀಪಕ್ಕೆ ಹೋಗಿದ್ದಿರಿ ಎಂಬುದನ್ನು. ಸೊಲೊಮನ್, ವನುವಾಟು ಕಡೆಯ ಒಂದು ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳಾದ ಮೇಲೆ ಏಳುತ್ತದೆ, ಹೇಳದಿದ್ದರೆ ಯಾರಿಗೂ ಹೊಳೆಯುವುದಿಲ್ಲ. ನಮಸ್ಕಾರ.