ವಾಲ್ವ್ ಹಾಕಿಸಿಕೊಂಡವರ ಕಣ್ಣು ಹಳದಿಯಾದರೆ ಮೊದಲು ಎಕೋ ಮಾಡಿಸಿ

ನಮಸ್ಕಾರ. ನಮ್ಮ ರಾಯಚೂರು ಕಡೆ ಕಣ್ಣು ಹಳದಿಯಾಯಿತು ಅಂದರೆ ಎಷ್ಟೋ ಮನೆಯವರು ಮೊದಲು ಓಡುವುದು ಕಾಮಾಲೆಗೆ ನಾಟಿ ಔಷಧಿ ಕೊಡುವವರ ಹತ್ತಿರ. ಆದರೆ ಅವರಿಗೆ ಹೃದಯದ ವಾಲ್ವ್ ಬದಲಿಸಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ವಾಲ್ವಿನ ಪಕ್ಕದಿಂದ ರಕ್ತ ಸೋರುತ್ತಿರಬಹುದು, ಅದನ್ನು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ ನೋಡಿಸಬೇಕು.

ಕೃತಕ ವಾಲ್ವಿನ ಸುತ್ತ ಬಟ್ಟೆಯ ಅಂಚು ಇರುತ್ತದೆ, ಅದನ್ನೇ ಹೃದಯಕ್ಕೆ ಹೊಲಿಯುತ್ತಾರೆ. ಅಲ್ಲಿ ಸುಣ್ಣ ಕಟ್ಟಿದ್ದರೆ, ಸೋಂಕಾದರೆ, ಹೊಲಿಗೆ ಬಿಟ್ಟರೆ ಪಕ್ಕದಲ್ಲಿ ಸಂದು ಬೀಳುತ್ತದೆ. ತುಂಗಭದ್ರಾ ಕಾಲುವೆ ನೋಡಿದ್ದೀರಲ್ವಾ? ಗೇಟ್ ಗಟ್ಟಿ ಇದ್ದರೂ ಪಕ್ಕದ ಗೋಡೆ ಬಿರುಕು ಬಿಟ್ಟರೆ ನೀರು ಅಲ್ಲಿಂದಲೇ ಹೋಗುತ್ತದೆ.

ಸಣ್ಣ ಸೋರಿಕೆ ಎಷ್ಟೋ ಜನರಿಗೆ ತೊಂದರೆ ಕೊಡುವುದಿಲ್ಲ. ಜಾಸ್ತಿಯಾದರೆ ದಮ್ಮು ಹತ್ತುತ್ತದೆ, ಕಾಲು ಬಾಯುತ್ತದೆ. ಇನ್ನು ಇಕ್ಕಟ್ಟಿನ ಸಂದಿನಲ್ಲಿ ರಕ್ತ ರಭಸವಾಗಿ ನುಗ್ಗುವಾಗ ಕೆಂಪು ಕಣಗಳು ಒಡೆಯುತ್ತವೆ, ಅದರಿಂದಲೇ ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರದ ಬಣ್ಣ ಕಪ್ಪಾಗುತ್ತದೆ. ಕಬ್ಬಿಣದ ಗುಳಿಗೆ ಬೇಕಾಗಬಹುದು, ರಕ್ತವನ್ನೂ ಏರಿಸಬೇಕಾಗಬಹುದು. ಆದರೆ ಸಂದು ಹಾಗೇ ಇದ್ದರೆ ಕಣಗಳು ಒಡೆಯುತ್ತಲೇ ಇರುತ್ತವೆ. ಇದರ ಮೇಲೆ ಏನೇನು ಬೆರೆಸಿದ್ದಾರೋ ಗೊತ್ತಿಲ್ಲದ ಬೇರು ಸೊಪ್ಪಿನ ರಸ ಕುಡಿದರೆ, ರಕ್ತ ತೆಳು ಮಾಡುವ ಗುಳಿಗೆಯ ಲೆಕ್ಕವೇ ತಪ್ಪಬಹುದು. ಅದು ನಿಜಕ್ಕೂ ಅಪಾಯ.

ಇನ್ನೊಂದು ಮಾತು. ಎದೆ ಮೇಲಿಂದ ಮಾಡುವ ಎಕೋದಲ್ಲಿ ಲೋಹದ ವಾಲ್ವಿನ ನೆರಳು ಬಿದ್ದು ಸೋರಿಕೆ ಮರೆಯಾಗಬಹುದು. 'ಟಿಇಇ ಬೇಕಾ ಡಾಕ್ಟ್ರೇ?' ಅಂತ ಕೇಳಿ. ಅದು ಗಂಟಲಿನಿಂದ ನಳಿಗೆ ಇಳಿಸಿ ಮಾಡುವ ಎಕೋ.

ಮತ್ತೆ ಎದೆ ತೆರೆಯಬೇಕು ಅಂದ ಕೂಡಲೇ ಜನ ಹೆದರಿ ಊರಿಗೆ ಬಂದು ಸುಮ್ನೆ ಕೂತುಬಿಡುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ. ಯಾಕೆಂದರೆ ಬೇರೆ ದಾರಿಯೂ ಇದೆ. ಎದೆ ತೆರೆಯದೆ ಸಂದು ಮುಚ್ಚಿದ ಮೊದಲ ವರದಿ ಬಂದಿದ್ದೇ 1992ರಲ್ಲಿ. ಸಾಮಾನ್ಯವಾಗಿ ತೊಡೆಯ ರಕ್ತನಾಳದಿಂದ ತೆಳು ನಳಿಗೆ ಹೋಗುತ್ತದೆ, ಸಂದಿನಲ್ಲಿ ತಂತಿ ದಾಟಿಸಿ ಜಾಲರಿಯಂಥ ಪ್ಲಗ್ ಕೂರಿಸುತ್ತಾರೆ. ವಾಲ್ವಿನಲ್ಲಿ ತೆರೆದು ಮುಚ್ಚುವ ಎಲೆಗೆ ಅದು ಅಡ್ಡ ಬಂದರೆ, ಬಿಡುವ ಮೊದಲೇ ವಾಪಸ್ ಎಳೆದುಕೊಳ್ಳಬಹುದು.

ಎಲ್ಲರಿಗೂ ಇದು ಆಗುವುದಿಲ್ಲ. ಸೋಂಕು ಇನ್ನೂ ಇದ್ದರೆ, ವಾಲ್ವೇ ಅಲುಗಾಡುತ್ತಿದ್ದರೆ ಈ ದಾರಿ ನಡೆಯದು. ಸ್ವಲ್ಪ ಸೋರಿಕೆ ಉಳಿದರೆ ಕಣ ಒಡೆಯುವುದು ಮುಂದುವರಿಯಬಹುದು, ಕೆಲವೊಮ್ಮೆ ಜಾಸ್ತಿಯೂ ಆಗಬಹುದು. ಹಾಗಾಗಿ ಈ ಕೆಲಸದಲ್ಲಿ ಕೈ ಪಳಗಿದವರೇ ಮಾಡಬೇಕು.

ಬೆಂಗಳೂರಿನಷ್ಟು ದೂರ ಮೊದಲೇ ಹೋಗಬೇಕಿಲ್ಲ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಇದೆ. ತೋರಿಸಿ, 'ನಳಿಗೆಯಿಂದ ಮುಚ್ಚೋಕೆ ಆಗುತ್ತಾ, ಎಲ್ಲಿ ಮಾಡ್ತಾರೆ?' ಅಂತ ನೇರವಾಗಿ ಕೇಳಿ. ವಾಲ್ವ್ ಕಾರ್ಡ್, ಹಳೇ ಎಕೋ, ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಪರೀಕ್ಷೆ) ಚೀಟಿ ಎಲ್ಲ ಜೊತೆಗಿರಲಿ. ರಕ್ತ ತೆಳು ಮಾಡುವ ಗುಳಿಗೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.